ಮಂಡಲದ ಸುದ್ದಿ ಮಂಡಲಕ್ಕೆ: ‘ಈನಾಡು’ ಜಿಲ್ಲಾ ಪತ್ರಿಕೆಯ ಪ್ರಕರಣ ಅಧ್ಯಯನ

‘ಈನಾಡು’ ಎಂದು ಓದಿದ ಕೂಡಲೇ ಕನ್ನಡಿಗರಿಗೆ ಹೊಳೆಯುವುದು ‘ಈ ನಾಡು’. ತೆಲುಗರಿಗೆ ಮೊದಲು ಹೊಳೆಯುವುದು ‘ಈ ದಿನ’. ತೆಲುಗಿನಲ್ಲಿ ‘ನಾಡು’ ಎಂದರೆ ದಿನವೂ ಹೌದು, ಪಲ್ನಾಡು, ವೆಲನಾಡು ಎನ್ನುವಾಗಿನ ಸೀಮೆಯೂ ಹೌದು. ಈ ತೆಲುಗು ದಿನಪತ್ರಿಕೆಯ ಚರಿತ್ರೆಯನ್ನು ಆ ಎರಡು ಅರ್ಥಗಳಲ್ಲೇ ಹಿಡಿಯಬಹುದು. 1974ರಲ್ಲಿ ಅದು ಸಾಧಿಸಿದ್ದು ಮೊದಲನೆಯದನ್ನು: ಇಂದಿನ ಪತ್ರಿಕೆ ಇಂದೇ, ಬೆಳಗಿನ ಕಾಫಿಗೆ ಮುಂಚೆ. 1989ರಲ್ಲಿ ಎರಡನೆಯದನ್ನು: ನಿಮ್ಮ ಸೀಮೆಯ ಸುದ್ದಿ ನಿಮ್ಮ ಸೀಮೆಗೆ, ಪ್ರತಿ ಜಿಲ್ಲೆಗೂ ಬೇರೆ ಬೇರೆ ಪುಟಗಳಲ್ಲಿ. ಇಲ್ಲಿ ಬಿಡಿಸಿ ನೋಡುತ್ತಿರುವುದು ಆ ಎರಡನೆಯ ಹೆಜ್ಜೆಯನ್ನು. ಭಾರತೀಯ ಭಾಷಾ ಪತ್ರಿಕೋದ್ಯಮ ಹಳ್ಳಿಗೆ ಇಳಿದ ದಾರಿಗಳಲ್ಲಿ ಇದು ಬಹಳ ಮುಖ್ಯವಾದದ್ದು, ಅದರ ಲಾಭಕ್ಕೂ ನಷ್ಟಕ್ಕೂ.

ವಿಜಯವಾಡದಿಂದ ರೈಲಿನಲ್ಲಿ ಬರುತ್ತಿದ್ದ ಪತ್ರಿಕೆ

ತೆಲುಗು ದಿನಪತ್ರಿಕೆಗಳ ತವರು ಮೊದಲು ಮದ್ರಾಸು. ಅಮೃತಾಂಜನದ ಕಾಶೀನಾಥುನಿ ನಾಗೇಶ್ವರರಾವು 1908ರಲ್ಲಿ ಬೊಂಬಾಯಿಯಲ್ಲಿ ವಾರಪತ್ರಿಕೆಯಾಗಿ ಆರಂಭಿಸಿದ ‘ಆಂಧ್ರಪತ್ರಿಕ’ 1914ರಲ್ಲಿ ಮದ್ರಾಸಿನಿಂದ ದಿನಪತ್ರಿಕೆಯಾಯಿತು. ರಾಮನಾಥ ಗೋಯೆಂಕಾ ಅವರ ‘ಆಂಧ್ರಪ್ರಭ’ 1938ರಲ್ಲಿ ಅಲ್ಲೇ ಹುಟ್ಟಿತು. ಭಾಷಾವಾರು ರಾಜ್ಯವಾದ ಮೇಲೆ ಒಂದೊಂದಾಗಿ ವಿಜಯವಾಡಕ್ಕೆ ಬಂದವು. ‘ಆಂಧ್ರಪ್ರಭ’ 1959ರಲ್ಲಿ ಬಂತು. ನಾರ್ಲ ವೆಂಕಟೇಶ್ವರರಾವು ಸಂಪಾದಕತ್ವದ ‘ಆಂಧ್ರಜ್ಯೋತಿ’ 1960ರಲ್ಲಿ ಅಲ್ಲೇ ಶುರುವಾಯಿತು. ಕಮ್ಯುನಿಸ್ಟರ ‘ವಿಶಾಲಾಂಧ್ರ’ ಆಗಲೇ ಅಲ್ಲಿತ್ತು.

ಕೃಷ್ಣಾ, ಗುಂಟೂರು ಜಿಲ್ಲೆಯವರಿಗೆ ಇದು ಅನುಕೂಲವೇ. ಆದರೆ ವಿಶಾಖಪಟ್ಟಣ ವಿಜಯವಾಡಕ್ಕೆ ಸುಮಾರು 350 ಕಿಲೋಮೀಟರ್ ದೂರ, ಶ್ರೀಕಾಕುಳಂ ಇನ್ನೂ ಆಚೆ. ರಾತ್ರಿ ಅಚ್ಚಾದ ಪತ್ರಿಕೆ ರೈಲು ಹತ್ತಿ ಬಂದು ಓದುಗರ ಕೈ ಸೇರುವಾಗ ಹೊತ್ತು ನೆತ್ತಿಗೇರಿರುತ್ತಿತ್ತು. ರೈಲು ತಡವಾದರೆ ಪತ್ರಿಕೆಯೂ ತಡ. ಹಡಗುಕಟ್ಟೆ, ಬಂದರು, ತೈಲ ಶುದ್ಧೀಕರಣ ಘಟಕ ಇದ್ದ, ಉಕ್ಕಿನ ಕಾರ್ಖಾನೆಗೆ 1971ರಲ್ಲಿ ಅಡಿಗಲ್ಲು ಬಿದ್ದಿದ್ದ ಊರು ವಿಶಾಖಪಟ್ಟಣ. ಓದು ಬಲ್ಲವರು ಸಂಬಳದ ಕೆಲಸ ಹಿಡಿದು ಬಂದು ನೆಲೆಸುತ್ತಿದ್ದರು. ಬೆಳಗ್ಗೆ ಓದಲು ಅವರಿಗೆ ತೆಲುಗು ಪತ್ರಿಕೆ ಇರಲಿಲ್ಲ.

ಚೆರುಕೂರಿ ರಾಮೋಜಿರಾವು ಹಿಡಿದದ್ದು ಈ ಖಾಲಿ ಜಾಗವನ್ನು. 1962ರಲ್ಲಿ ಮಾರ್ಗದರ್ಶಿ ಚಿಟ್ ಫಂಡ್ ಆರಂಭಿಸಿದ್ದ ಅವರು 1969ರಲ್ಲಿ ‘ಅನ್ನದಾತ’ ಎಂಬ ಕೃಷಿ ಮಾಸಪತ್ರಿಕೆ ತಂದಿದ್ದರು. ಹಳ್ಳಿಯ ಓದುಗ ಕಾಸು ಕೊಟ್ಟು ಏನನ್ನು ಓದುತ್ತಾನೆ ಎಂಬುದು ಅಲ್ಲಿ ತಿಳಿದಿತ್ತು. 1974ರ ಆಗಸ್ಟ್ 10ರಂದು ವಿಶಾಖಪಟ್ಟಣದಲ್ಲಿ ‘ಈನಾಡು’ ಹೊರಬಂತು. ಮೊದಲ ಸಂಪಾದಕ ಎ.ಬಿ.ಕೆ. ಪ್ರಸಾದ್. ಆರಂಭದಲ್ಲಿ ಅಚ್ಚಾಗುತ್ತಿದ್ದದ್ದು ಕೆಲವೇ ಸಾವಿರ ಪ್ರತಿ. ಬಂಡವಾಳದಲ್ಲಾಗಲಿ ಹೆಸರಿನಲ್ಲಾಗಲಿ ಹಳೆಯ ಪತ್ರಿಕೆಗಳ ಎದುರು ನಿಲ್ಲುವ ಸ್ಥಿತಿ ಇರಲಿಲ್ಲ. ಒಂದೇ ಒಂದು ವಿಷಯದಲ್ಲಿ ಮುಂದಿತ್ತು. ಅಚ್ಚಾಗುವ ಊರು, ಓದುವ ಊರು ಎರಡೂ ಒಂದೇ ಆದ್ದರಿಂದ ಬೆಳಕು ಹರಿಯುವ ಮೊದಲೇ ಪತ್ರಿಕೆ ಬಾಗಿಲಲ್ಲಿರುತ್ತಿತ್ತು. (ನಾಲ್ಕು ವರ್ಷ ಮೊದಲು, 1970ರಲ್ಲಿ, ಬೆಂಗಳೂರನ್ನು ಬಿಟ್ಟು ಮಣಿಪಾಲದಿಂದ ‘ಉದಯವಾಣಿ’ ಹೊರಟಿತ್ತು. ಅಚ್ಚುಕೂಟವನ್ನೇ ಓದುಗರ ಹತ್ತಿರ ಒಯ್ದರೆ ಏನಾಗುತ್ತದೆ ಎಂಬುದು ಕರಾವಳಿಯವರಿಗೆ ಹೇಳಿಕೊಡಬೇಕಾದದ್ದಲ್ಲ.)

ಭಾಷೆಯೂ ಬಿಗಿ ಸಡಿಲಿಸಿತು. ಗಿಡುಗು ರಾಮಮೂರ್ತಿ ಹೂಡಿದ ಆಡುನುಡಿಯ ಹೋರಾಟ, ಅದನ್ನು ಪತ್ರಿಕೆಗೆ ತಂದ ನಾರ್ಲ, ಇವರು ದಾರಿ ಮಾಡಿಕೊಟ್ಟಿದ್ದರು. ‘ಈನಾಡು’ ಆ ದಾರಿಯಲ್ಲಿ ಇನ್ನಷ್ಟು ಮುಂದೆ ನಡೆಯಿತು. 1975ರ ಡಿಸೆಂಬರ್‌ನಲ್ಲಿ ಹೈದರಾಬಾದ್ ಆವೃತ್ತಿ ಬಂತು, 1978ರಲ್ಲಿ ಪ್ರತಿಸ್ಪರ್ಧಿಗಳ ಅಂಗಳವಾದ ವಿಜಯವಾಡದಲ್ಲೇ, 1982ರಲ್ಲಿ ತಿರುಪತಿ. ಪತ್ರಿಕೆಗಳ ಪ್ರಸಾರವನ್ನು ಎಣಿಸುವ ಎಬಿಸಿ ಸಂಸ್ಥೆಯ 1976ರ ಮೊದಲ ಲೆಕ್ಕದಲ್ಲಿ ಪ್ರಸಾರ 48 ಸಾವಿರದಷ್ಟಿತ್ತು. 1978ರ ಹೊತ್ತಿಗೆ ‘ಆಂಧ್ರಪ್ರಭ’ವನ್ನು ದಾಟಿತ್ತು.

1982ರಲ್ಲಿ ಎನ್.ಟಿ. ರಾಮರಾವು (ಎನ್‌ಟಿಆರ್) ತೆಲುಗುದೇಶಂ ಪಕ್ಷ ಕಟ್ಟಿದಾಗ ಪತ್ರಿಕೆ ಮುಚ್ಚುಮರೆಯಿಲ್ಲದೆ ಅವರ ಬೆನ್ನಿಗೆ ನಿಂತಿತು. 1983ರ ಗೆಲುವಿನ ಜೊತೆಗೆ ಪತ್ರಿಕೆಯೂ ಬೆಳೆಯಿತು. ಅದೇ ವರ್ಷ ವಿಧಾನ ಪರಿಷತ್ತಿನ ಕಲಾಪದ ವರದಿಗೆ ‘ಪೆದ್ದಲ ಸಭಲೋ ಗಲಭಾ’, ಎಂದರೆ ಹಿರಿಯರ ಸಭೆಯಲ್ಲಿ ಗಲಭೆ, ಎಂದು ತಲೆಬರಹ ಕೊಟ್ಟದ್ದಕ್ಕೆ ಹಕ್ಕುಚ್ಯುತಿ ಪ್ರಕರಣ ಎದ್ದು, 1984ರಲ್ಲಿ ಸಂಪಾದಕರ ಬಂಧನದ ಆದೇಶದವರೆಗೆ ಹೋಗಿ ಸುಪ್ರೀಂ ಕೋರ್ಟ್ ತಡೆ ಕೊಡಬೇಕಾಯಿತು. ಈ ರಾಜಕೀಯ ಅಧ್ಯಾಯದ ಬಗ್ಗೆ ಬೇಕಾದಷ್ಟು ಚರ್ಚೆಯಾಗಿದೆ. ಪತ್ರಿಕೆ ಮನೆಮನೆಗೆ ಹೇಗೆ ಮುಟ್ಟಿತು ಎಂಬ ಕಸುಬಿನ ಕತೆ ಅದರ ನೆರಳಲ್ಲಿ ಮರೆಯಾಗಿದೆ.

1989ಕ್ಕೆ ಮುಂಚಿನ ಒತ್ತಡ

ಎರಡು ಸಂಗತಿ ಒಟ್ಟಿಗೆ ಕೂಡಿ ಬಂದವು. ಒಂದು, ಸ್ಪರ್ಧೆ. ಸಿನಿಮಾ ನಿರ್ದೇಶಕ ದಾಸರಿ ನಾರಾಯಣರಾವು 1984ರ ಕೊನೆಯಲ್ಲಿ ‘ಉದಯಂ’ ತಂದರು. ಸಂಪಾದಕರು ಮತ್ತೆ ಅದೇ ಎ.ಬಿ.ಕೆ. ಪ್ರಸಾದ್. ಹತ್ತು ವರ್ಷದಲ್ಲಿ ಮೊದಲ ಬಾರಿಗೆ ‘ಈನಾಡು’ವಿಗೆ ಸರಿಸಮನಾದ ಚುರುಕಿನ ಪತ್ರಿಕೆ ಎದುರು ನಿಂತಿತು. ಪಟ್ಟಣದ ಓದುಗರನ್ನು ಹಂಚಿಕೊಳ್ಳಬೇಕಾಗಿ ಬಂದಾಗ ಹೊಸ ಓದುಗರು ಉಳಿದಿದ್ದದ್ದು ಹಳ್ಳಿಯಲ್ಲಿ ಮಾತ್ರ.

ಇನ್ನೊಂದು, ಆಡಳಿತದ ನಕ್ಷೆಯೇ ಬದಲಾದದ್ದು. ಎನ್‌ಟಿಆರ್ ಸರ್ಕಾರ 1980ರ ದಶಕದ ನಡುವೆ ತಾಲೂಕುಗಳನ್ನೂ ಪಂಚಾಯಿತಿ ಸಮಿತಿಗಳನ್ನೂ ತೆಗೆದು ಸುಮಾರು 1,100 ಮಂಡಲಗಳನ್ನು ಮಾಡಿತು. ಕನ್ನಡ ಓದುಗರು ಇಲ್ಲಿ ತಪ್ಪು ತಿಳಿಯಬಾರದು. ನಮ್ಮಲ್ಲಿ ಅದೇ ಕಾಲದಲ್ಲಿದ್ದ ಮಂಡಲ ಪಂಚಾಯಿತಿ ಕೆಲವೇ ಹಳ್ಳಿಗಳ ಸಣ್ಣ ಘಟಕ. ರಾಜ್ಯಕ್ಕೆ ಎರಡೂವರೆ ಸಾವಿರದಷ್ಟಿದ್ದವು. ಆಂಧ್ರದ ಮಂಡಲ ಸುಮಾರು 35ರಿಂದ 55 ಸಾವಿರ ಜನರ ಘಟಕ, ನಮ್ಮ ಹೋಬಳಿಗೆ ಹತ್ತಿರ. ಒಂದೊಂದಕ್ಕೂ ಮಂಡಲ ಕಚೇರಿ, ಚುನಾಯಿತ ಅಧ್ಯಕ್ಷ, ಪೊಲೀಸ್ ಠಾಣೆ, ಬಸ್ ನಿಲ್ದಾಣ ಇರುವ ಪುಟ್ಟ ಕೇಂದ್ರ. ಹಿಂದೆ ತಾಲೂಕು ಕೇಂದ್ರದಲ್ಲಿ ಮಾತ್ರ ಹುಟ್ಟುತ್ತಿದ್ದ ಸುದ್ದಿ ಈಗ ಮೂರು ಪಟ್ಟು ಹೆಚ್ಚು ಜಾಗಗಳಲ್ಲಿ ಹುಟ್ಟತೊಡಗಿತು: ರೇಷನ್ ಹಂಚಿಕೆ, ಮಂಡಲ ಸಭೆಯ ಜಗಳ, ಬಾರದ ವೈದ್ಯ, ಕೆಟ್ಟ ಬೋರ್‌ವೆಲ್. ರಾಜ್ಯಮಟ್ಟದ ಎಂಟು ಹತ್ತು ಪುಟಗಳಲ್ಲಿ ಇವಕ್ಕೆ ಜಾಗ ಸಿಗುವುದು ಸಾಧ್ಯವೇ ಇರಲಿಲ್ಲ.

1989ರಲ್ಲಿ ‘ಈನಾಡು’ ಕಂಡುಕೊಂಡ ಉತ್ತರ ಇದು: ಮುಖ್ಯ ಪತ್ರಿಕೆ ಎಲ್ಲರಿಗೂ ಒಂದೇ, ಅದರೊಳಗೆ ಪ್ರತಿ ಜಿಲ್ಲೆಗೂ ಬೇರೆಯಾದ, ಅರ್ಧ ಅಳತೆಯ ಟ್ಯಾಬ್ಲಾಯ್ಡ್ ಪತ್ರಿಕೆ. ಜನ ಅದನ್ನು ‘ಜಿಲ್ಲಾ ಪೇಪರ್’, ‘ಮಿನಿ’ ಎಂದು ಕರೆದರು. ಆಗ 23 ಜಿಲ್ಲೆ.

ಒಂದು ಸುದ್ದಿಯ ಪಯಣ

ಈ ವ್ಯವಸ್ಥೆಯ ಅಡಿಪಾಯ ಮಂಡಲದ ಬಿಡಿ ಸುದ್ದಿಗಾರ. ತೆಲುಗಿನಲ್ಲಿ ‘ಕಂಟ್ರಿಬ್ಯೂಟರ್’ ಎನ್ನುತ್ತಾರೆ. ಇವರು ಪತ್ರಿಕೆಯ ನೌಕರರಲ್ಲ. ಪಾಠ ಹೇಳುವವರು, ಸಣ್ಣ ಅಂಗಡಿ ಇಟ್ಟವರು, ಎಲ್‌ಐಸಿ ಏಜೆಂಟರು, ಕೆಲಸ ಹುಡುಕುತ್ತಿರುವ ಪದವೀಧರರು. ಹಲವೆಡೆ ಪತ್ರಿಕೆಯ ಏಜೆಂಟರೇ ಸುದ್ದಿಗಾರರೂ ಹೌದು.

ಬೆಳಗ್ಗೆ ಠಾಣೆ, ಆಸ್ಪತ್ರೆ, ಮಂಡಲ ಕಚೇರಿ ಸುತ್ತಿ ಬಂದು, ಬಿಳಿ ಹಾಳೆಯ ಒಂದೇ ಮಗ್ಗುಲಲ್ಲಿ ಸಾಲುಗಳ ನಡುವೆ ಜಾಗ ಬಿಟ್ಟು ಬರೆಯಬೇಕು. ಎರಡೂ ಮಗ್ಗುಲು ಬರೆದರೆ ಡೆಸ್ಕಿನಲ್ಲಿ, ಅಂದರೆ ಸುದ್ದಿ ತಿದ್ದಿ ಪುಟ ಕಟ್ಟುವ ವಿಭಾಗದಲ್ಲಿ, ಹಾಳೆ ಕತ್ತರಿಸಿ ಹಂಚುವಾಗ ಹಿಂಬದಿಯ ಸುದ್ದಿ ಕಳೆದುಹೋಗುತ್ತದೆ. ಬರೆದದ್ದನ್ನು ಕವರಿಗೆ ಹಾಕಿ ಮಧ್ಯಾಹ್ನದ ಆರ್‌ಟಿಸಿ (ಸರ್ಕಾರಿ ಸಾರಿಗೆ) ಬಸ್ಸಿನ ಕಂಡಕ್ಟರ್ ಕೈಗೆ ಕೊಡುವುದು. ಬಸ್ ನಿಲ್ದಾಣದಲ್ಲಿ ಪತ್ರಿಕೆಯ ಹುಡುಗ ಕಾದಿದ್ದು ಕವರುಗಳನ್ನು ಕಲೆಹಾಕಿ ಕಚೇರಿಗೆ ಒಯ್ಯುವುದು. ಫ್ಯಾಕ್ಸ್, ಮೋಡೆಮ್ ಬರುವ ತನಕ ಇಡೀ ಜಿಲ್ಲಾ ಪತ್ರಿಕೆ ನಿಂತಿದ್ದದ್ದು ಈ ಬಸ್ಸಿನ ಮೇಲೆ. ಬಸ್ ಕೆಟ್ಟರೆ, ಬಂದ್ ಆದರೆ, ಹಳ್ಳ ತುಂಬಿ ರಸ್ತೆ ಮುಚ್ಚಿದರೆ ಆ ಮಂಡಲ ಮರುದಿನದ ಪುಟದಿಂದ ಮಾಯ. ಸುದ್ದಿ ಹೆಚ್ಚಾಗಿ ಹುಟ್ಟುವುದೂ ಅಂಥ ದಿನವೇ ಎಂಬುದು ದೊಡ್ಡ ಕಷ್ಟ. ಆಗ ಟ್ರಂಕ್ ಕಾಲ್ ಹಾಕಿ ನಾಲ್ಕು ಸಾಲು ಹೇಳಿ ಬರೆಸುವುದೇ ದಾರಿ. ಫೋನಿನಲ್ಲಿ ಹೇಳಿದ ಊರಿನ ಹೆಸರು, ಸತ್ತವರ ಹೆಸರು ತಪ್ಪುವುದೂ ಅಲ್ಲೇ.

ಡೆಸ್ಕಿನಲ್ಲಿ ಪುಟ ಕಟ್ಟುವವರಿಗೆ ಜಾಗದ ಲೆಕ್ಕ ಕಠಿಣ. ಮಾದರಿಗೆ ಒಂದು ಲೆಕ್ಕ ಹಾಕೋಣ. ಟ್ಯಾಬ್ಲಾಯ್ಡ್ ಪುಟ ಸುಮಾರು 33 ಸೆಂಟಿಮೀಟರ್ ಉದ್ದ, 6 ಕಾಲಂ ಅಗಲ ಎಂದಿಟ್ಟುಕೊಂಡರೆ ಒಂದು ಪುಟಕ್ಕೆ 198 ಕಾಲಂ ಸೆಂಟಿಮೀಟರ್ (ಒಂದು ಕಾಲಂ ಅಗಲ, ಒಂದು ಸೆಂಟಿಮೀಟರ್ ಉದ್ದದ ಜಾಗಕ್ಕೆ ಈ ಹೆಸರು). ಎಂಟು ಪುಟಕ್ಕೆ 1,584. ನೂರಕ್ಕೆ 40ರಷ್ಟು ಜಾಹೀರಾತಿಗೆ ಬಿಟ್ಟರೆ ಉಳಿಯುವುದು ಸುಮಾರು 950. ನೆಲ್ಲೂರು ಜಿಲ್ಲೆಯಲ್ಲಿ ಆಗ 46 ಮಂಡಲ, ಅಂದರೆ ಮಂಡಲಕ್ಕೆ ದಿನಕ್ಕೆ 20 ಕಾಲಂ ಸೆಂಟಿಮೀಟರ್. ಚಿತ್ತೂರಿನಲ್ಲಿ ಆಗ 66, ಅಲ್ಲಿ 14ಕ್ಕೆ ಇಳಿಯುತ್ತದೆ. ತಲೆಬರಹ, ಫೋಟೊ, ಜಿಲ್ಲಾಧಿಕಾರಿಯ ಸಭೆ, ಸಿನಿಮಾ ಪಟ್ಟಿ ಕಳೆದರೆ ಒಂದು ಮಂಡಲಕ್ಕೆ ಎರಡು ಸಣ್ಣ ಸುದ್ದಿ ಉಳಿದರೆ ಹೆಚ್ಚು. ಆದರೂ ಮೊದಲು ತಿಂಗಳುಗಟ್ಟಲೆ ಹೆಸರೇ ಬಾರದಿದ್ದ ಊರಿಗೆ ದಿನಕ್ಕೆ ಎರಡು ಸುದ್ದಿ ಸಣ್ಣ ಮಾತಲ್ಲ.

ಅಚ್ಚಿನ ಮನೆಯಲ್ಲಿ ಟ್ಯಾಬ್ಲಾಯ್ಡ್ ಆರಿಸಿಕೊಂಡದ್ದರ ಜಾಣತನ ಕಾಣುತ್ತದೆ. ದೊಡ್ಡ ಅಳತೆಯ 4 ಪುಟದ ಒಂದು ಹಾಳೆಯನ್ನೇ ಇನ್ನೊಂದು ಮಡಿಕೆ ಮಡಿಸಿದರೆ 8 ಪುಟದ ಪುಟ್ಟ ಪತ್ರಿಕೆ. ಹೊಸ ಮಷಿನ್ ಬೇಡ. ಕಪ್ಪು ಬಿಳುಪಾದರೆ 4 ಪ್ಲೇಟ್ (ಪುಟದ ಅಚ್ಚು ಮೂಡಿಸುವ ಲೋಹದ ತಗಡು) ಸಾಕು, ಒಂದೊಂದರಲ್ಲಿ ಎರಡು ಪುಟ. ಹಾಳೆ ಸುಮಾರು 70 ಸೆಂಟಿಮೀಟರ್‌ಗೆ 55. ಚದರ ಮೀಟರಿಗೆ 48.8 ಗ್ರಾಂ ತೂಗುವ ನ್ಯೂಸ್‌ಪ್ರಿಂಟ್‌ನಲ್ಲಿ ಅದರ ತೂಕ 19 ಗ್ರಾಂ. ಪ್ರತಿಗೆ 19 ಗ್ರಾಂ ಅಂದರೆ ಏನೂ ಅಲ್ಲ ಅನಿಸುತ್ತದೆ. ಲಕ್ಷ ಪ್ರತಿಗೆ ದಿನಕ್ಕೆ 1.9 ಟನ್, ತಿಂಗಳಿಗೆ 57 ಟನ್.

ಇದರ ಮೇಲೆ ರದ್ದಿ. ಒಂದು ಕೇಂದ್ರದಲ್ಲಿ ಐದು ಜಿಲ್ಲೆಯ ಪತ್ರಿಕೆ ಅಚ್ಚಾಗುವುದಾದರೆ ಒಂದು ಜಿಲ್ಲೆ ಮುಗಿದೊಡನೆ ಮಷಿನ್ ನಿಲ್ಲಿಸಿ ಪ್ಲೇಟ್ ಬದಲಿಸಬೇಕು. ಪ್ರತಿ ಬಾರಿ ಹೊರಡಿಸಿದಾಗಲೂ ಶಾಯಿ ಮತ್ತು ನೀರಿನ ಹದ ಕೂಡುವ ತನಕ ನೂರಾರು ಹಾಳೆ ಮಸುಕಾಗಿ, ಇಲ್ಲವೇ ಮಸಿ ಮೆತ್ತಿಕೊಂಡು ಬರುತ್ತದೆ. ಲಕ್ಷ ಪ್ರತಿಯ ಜಿಲ್ಲೆಗೂ ಇಷ್ಟೇ ರದ್ದಿ, ಹತ್ತು ಸಾವಿರ ಪ್ರತಿಯ ಜಿಲ್ಲೆಗೂ ಇಷ್ಟೇ. ಹಾಗಾಗಿ ಸಣ್ಣ ಜಿಲ್ಲೆಯ ಪತ್ರಿಕೆ ಯಾವಾಗಲೂ ದುಬಾರಿ.

ಅಚ್ಚಿನ ಸರದಿಯನ್ನು ದೂರ ನಿರ್ಧರಿಸುತ್ತದೆ: ಅತಿ ದೂರದ ಜಿಲ್ಲೆ ಮೊದಲು. ಮಿನಿ ಪತ್ರಿಕೆ ಮುಖ್ಯ ಪತ್ರಿಕೆಗಿಂತ ಮುಂಚೆ ಅಚ್ಚಾಗಿ ಬಂಡಲ್ ಕಟ್ಟಿ ಕೂತಿರುತ್ತದೆ. ಮಧ್ಯರಾತ್ರಿ ದಾಟಿದ ಮೇಲೆ ಮುಖ್ಯ ಪತ್ರಿಕೆಯ ಜೊತೆ ಒಂದೇ ವ್ಯಾನಿನಲ್ಲಿ ಹೊರಡುತ್ತದೆ. ಒಂದರೊಳಗೆ ಇನ್ನೊಂದನ್ನು ಸೇರಿಸುವುದು ಊರಿನ ಏಜೆಂಟರ ಹುಡುಗರು, ಬೀದಿದೀಪದ ಕೆಳಗೆ ಕೂತು, ಕೈಯಲ್ಲಿ. ಬಂಡಲ್ ಅದಲುಬದಲಾಗಿ ಖಮ್ಮಂ ಪುಟ ವರಂಗಲ್ಲಿಗೆ ಹೋದರೆ ಸರಿಪಡಿಸಲು ಆ ಹೊತ್ತಿನಲ್ಲಿ ಯಾರ ಕೈಲೂ ಆಗದು. ಅದಕ್ಕೇ ಬಂಡಲಿನ ಮೇಲಿನ ಚೀಟಿಯಲ್ಲಿ ಜಿಲ್ಲೆಯ ಹೆಸರು ದಪ್ಪಕ್ಷರದಲ್ಲಿರಬೇಕು. ಸಣ್ಣ ವಿಷಯ, ಆದರೆ ಇಡೀ ದಿನದ ದುಡಿಮೆ ಅದರ ಮೇಲೆ ನಿಂತಿರುತ್ತದೆ.

ಖರ್ಚು ಗಿಟ್ಟಿದ ಬಗೆ

ಈ ಎಲ್ಲ ಖರ್ಚನ್ನು ಹೊತ್ತದ್ದು ಜಿಲ್ಲಾ ಜಾಹೀರಾತು. ಗುಂಟೂರಿನ ಸೀರೆ ಅಂಗಡಿಯವರಿಗೆ ಶ್ರೀಕಾಕುಳದ ಓದುಗರಿಂದ ಪ್ರಯೋಜನವಿಲ್ಲ. ಇಡೀ ಆವೃತ್ತಿಯ ದರ ಕೊಡುವ ಶಕ್ತಿಯೂ ಇಲ್ಲ. ಒಂದೇ ಜಿಲ್ಲೆಗೆ ಅಂತ ಕಡಿಮೆ ದರ ಸಿಕ್ಕಿದಾಗ, ಅದುವರೆಗೆ ಗೋಡೆ ಬರಹ, ಆಟೊ ಮೈಕು ನಂಬಿದ್ದ ಅಂಗಡಿ, ಟ್ಯುಟೋರಿಯಲ್, ನರ್ಸಿಂಗ್ ಹೋಮ್, ಬೀಜದ ವ್ಯಾಪಾರಿ ಎಲ್ಲರೂ ಪತ್ರಿಕೆಗೆ ಬಂದರು. ಶ್ರದ್ಧಾಂಜಲಿಗಳೂ ನಾಯಕರ ಶುಭಾಶಯಗಳೂ ಬಂದವು.

ಸುದ್ದಿಗಾರರಿಗೆ ಸಿಕ್ಕಿದ್ದು ‘ಲೈನ್ ಅಕೌಂಟ್’. ತಿಂಗಳ ಕೊನೆಗೆ ತಮ್ಮ ಅಚ್ಚಾದ ಸುದ್ದಿಗಳನ್ನು ಕತ್ತರಿಸಿ ಹಾಳೆಗೆ ಅಂಟಿಸಿ, ಸ್ಕೇಲು ಇಟ್ಟು ಅಳೆದು, ಇಷ್ಟು ಕಾಲಂ ಸೆಂಟಿಮೀಟರ್ ಎಂದು ಮೊತ್ತ ಬರೆದು ಕಳಿಸಬೇಕು. ಆ ಅಳತೆಗೆ ತಕ್ಕಂತೆ ದುಡ್ಡು. ಮೇಲಿನ ಲೆಕ್ಕವನ್ನೇ ನೆನೆಯಿರಿ: ಮಂಡಲಕ್ಕೆ ದಿನಕ್ಕೆ 14ರಿಂದ 20 ಸೆಂಟಿಮೀಟರ್ ಇರುವಲ್ಲಿ ತಿಂಗಳಿಗೆ 400, 500 ಸೆಂಟಿಮೀಟರ್ ದಾಟುವುದು ಕಷ್ಟ. ಅದರಲ್ಲಿ ಯಾರ ಸಂಸಾರವೂ ನಡೆಯುವುದಿಲ್ಲ. ಜಾಹೀರಾತು ತಂದರೆ ಕಮಿಷನ್ ಇದೆ. ಹೀಗಾಗಿ ಬೆಳಗ್ಗೆ ಮಂಡಲಾಧ್ಯಕ್ಷರ ಮೇಲೆ ಸುದ್ದಿ ಬರೆಯುವ ಕೈಯೇ ಆಗಸ್ಟ್ 15ರ ಶುಭಾಶಯದ ಜಾಹೀರಾತಿಗಾಗಿ ಅವರ ಮುಂದೆ ಚಾಚಬೇಕಾಯಿತು. ಇಡೀ ವ್ಯವಸ್ಥೆಯ ಅತಿ ದೊಡ್ಡ ದೋಷ ಇದು. ಇದನ್ನು ವ್ಯಕ್ತಿಗಳ ನಡತೆಯ ಕೊರತೆ ಎಂದು ತಳ್ಳಿಹಾಕುವಂತಿಲ್ಲ. ಸಂಬಳದ ವಿನ್ಯಾಸದಲ್ಲೇ ಹುಟ್ಟಿದ ದೋಷ. ನಂತರ ಬಂದ ಪತ್ರಿಕೆಗಳು ಇದೇ ವಿನ್ಯಾಸವನ್ನು ಹಾಗೇ ಎತ್ತಿಕೊಂಡವು. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆ ತೆಲುಗು ಪತ್ರಿಕೆ ಓದುವವರು ನಮ್ಮ ಹೋಬಳಿಯ ಬಿಡಿ ಸುದ್ದಿಗಾರರನ್ನೂ ಬಲ್ಲರು. ಅವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಉದ್ದಕ್ಕೆ ದುಡ್ಡು ಎಂದಾಗ ಬರಹ ಹಿಗ್ಗುತ್ತದೆ. ‘ಈ ಸಂದರ್ಭದಲ್ಲಿ ಅವರು ಮಾತನಾಡುತ್ತಾ’ ಎಂಬ ಬಗೆಯ ಸಾಲುಗಳು, ವೇದಿಕೆಯಲ್ಲಿದ್ದವರೆಲ್ಲರ ಹೆಸರು. ಡೆಸ್ಕ್ ಕತ್ತರಿಸಿದಷ್ಟೂ ಸುದ್ದಿಗಾರರಿಗೆ ನಷ್ಟ. ಹೆಸರಿನ ಪಟ್ಟಿಗೆ ಇನ್ನೊಂದು ಬಲವೂ ಇತ್ತು: ಹೆಸರು ಬಂದವರು ಪತ್ರಿಕೆ ಕೊಳ್ಳುತ್ತಾರೆ.

ಬೇಲಿಯೊಳಗಿನ ಸುದ್ದಿ, ಬೇಲಿ ದಾಟಿದ ಸುದ್ದಿ

ಜಿಲ್ಲಾ ಪತ್ರಿಕೆಯ ಮೇಲಿನ ಗಂಭೀರ ಆಕ್ಷೇಪ ಬೇರೆ. ಅನಂತಪುರದ ಬರದ ಸುದ್ದಿ ಅನಂತಪುರದವರಿಗೆ ಮಾತ್ರ ತಲುಪುತ್ತದೆ. ಅವರಿಗೆ ಅದು ಗೊತ್ತೇ ಇರುವ ಸಂಗತಿ. ತಿಳಿಯಬೇಕಾದದ್ದು ಹೈದರಾಬಾದಿನ ಕಾರ್ಯದರ್ಶಿಗೆ, ಪಕ್ಕದ ಜಿಲ್ಲೆಯ ರೈತರಿಗೆ. ಪುಟ ಹೆಚ್ಚಿದಷ್ಟೂ ಬೇಲಿಯೂ ಹೆಚ್ಚಿತು. ಮೊದಲಾದರೆ ಸಣ್ಣದಾಗಿಯಾದರೂ ರಾಜ್ಯಕ್ಕೆಲ್ಲ ಹೋಗುತ್ತಿದ್ದ ಸುದ್ದಿ ಈಗ ದೊಡ್ಡದಾಗಿ ಒಂದು ಜಿಲ್ಲೆಯೊಳಗೆ ಉಳಿಯಿತು.

ಈ ಬೇಲಿಯನ್ನು ಹಾರುವುದು ಹೇಗೆ ಎಂಬುದಕ್ಕೆ ನೆಲ್ಲೂರೇ ನಿದರ್ಶನ. 1990ರ ದಶಕದ ಆರಂಭದಲ್ಲಿ ಅಲ್ಲಿ ಸಾಕ್ಷರತಾ ಆಂದೋಲನ ನಡೆಯುತ್ತಿತ್ತು. ರಾತ್ರಿ ಶಾಲೆಗೆ ಬಂದ ಹೆಂಗಸರು ಅಕ್ಷರದ ಜೊತೆ ಮಾತಾಡಿದ್ದು ಗಂಡಂದಿರ ಕೂಲಿಯನ್ನು ನುಂಗುತ್ತಿದ್ದ ಸಾರಾಯಿಯ ಬಗ್ಗೆ. ದೂಬಗುಂಟದ ಹೆಂಗಸರು, ವರ್ಧಿನೇನಿ ರೋಸಮ್ಮ ಮುಂದಾಳಾಗಿ, ತಮ್ಮ ಊರಿನ ಸಾರಾಯಿ ಅಂಗಡಿ ಮುಚ್ಚಿಸಿದರು. ಅದೇ ಕತೆ ಸಾಕ್ಷರತೆಯ ಪಠ್ಯದಲ್ಲಿ ಪಾಠವಾಗಿ ಬೇರೆ ಹಳ್ಳಿಗಳಿಗೆ ಹರಡಿತು. 1992ರಲ್ಲಿ ನೆಲ್ಲೂರಿನ ಸಾರಾಯಿ ಹರಾಜನ್ನೇ ಹೆಂಗಸರು ತಡೆದರು.

ಪ್ರತಿ ಮಂಡಲದಲ್ಲೂ ಸುದ್ದಿಗಾರರಿದ್ದದ್ದು ಇಲ್ಲಿ ಕೆಲಸಕ್ಕೆ ಬಂತು. ಯಾವ ಹಳ್ಳಿಯಲ್ಲಿ ಸಾರಾಯಿ ಪ್ಯಾಕೆಟ್ ಸುಟ್ಟರು, ಎಲ್ಲಿ ಜೀಪು ಅಡ್ಡಗಟ್ಟಿದರು ಎಂಬುದು ದಿನವೂ ಜಿಲ್ಲಾ ಪುಟಕ್ಕೆ ಹರಿದು ಬರುತ್ತಿತ್ತು. ಒಂದು ಹಳ್ಳಿಯದು ಓದಿ ಪಕ್ಕದ ಹಳ್ಳಿ ಏಳುತ್ತಿತ್ತು. ಓದಲು ಬಾರದವರಿಗೆ ಓದಿ ಹೇಳುವವರಿದ್ದರು. ಪತ್ರಿಕೆ ಇಲ್ಲಿ ಮಾಡಿದ ಸರಿಯಾದ ಕೆಲಸ ಇದನ್ನು ಜಿಲ್ಲಾ ಪುಟದಲ್ಲೇ ಬಿಡದೆ ಮುಖ್ಯ ಪತ್ರಿಕೆಗೆ ಏರಿಸಿದ್ದು, ಹೋರಾಟಕ್ಕೆಂದೇ ಪುಟ ಮೀಸಲಿಟ್ಟದ್ದು. ರಾಜ್ಯವೆಲ್ಲ ನೋಡಿತು. 1993ರ ಅಕ್ಟೋಬರ್ 1ರಿಂದ ಆಂಧ್ರದಾದ್ಯಂತ ಸಾರಾಯಿ ನಿಷೇಧವಾಯಿತು, 1995ರ ಜನವರಿಯಲ್ಲಿ ಎನ್‌ಟಿಆರ್ ಪೂರ್ಣ ಪಾನನಿಷೇಧ ತಂದರು, 1997ರಲ್ಲಿ ಅದು ಸಡಿಲವಾಯಿತು. ಹೋರಾಟ ಹೆಂಗಸರದ್ದು, ಪತ್ರಿಕೆಯದ್ದಲ್ಲ. ಹೋರಾಟದ ಕಾಲದ ಸರ್ಕಾರ ಕಾಂಗ್ರೆಸ್ಸಿನದಾದ್ದರಿಂದ ಪತ್ರಿಕೆಗೆ ಉತ್ಸಾಹ ಹೆಚ್ಚಿತ್ತು ಎಂಬ ಟೀಕೆಯನ್ನೂ ಅಲ್ಲಗಳೆಯಲಾಗದು. ಆದರೂ ಮಂಡಲದಿಂದ ಮುಖಪುಟದವರೆಗೆ ಏಣಿ ಇದ್ದದ್ದರಿಂದಲೇ ಆ ಹೆಂಗಸರ ದನಿ ನೆಲ್ಲೂರಿನಲ್ಲೇ ಉಳಿಯಲಿಲ್ಲ. ಜಿಲ್ಲಾ ಪುಟ ಮಾಡುವ ಯಾವುದೇ ಪತ್ರಿಕೆ ಗಮನಿಸಬೇಕಾದ ಸಂಗತಿ ಇದೇ: ಜಿಲ್ಲಾ ಡೆಸ್ಕಿನಲ್ಲಿ ಕೂತವರಿಗೆ ದಿನಕ್ಕೊಂದಾದರೂ ಸುದ್ದಿಯನ್ನು ಮೇಲಕ್ಕೆ ಕಳಿಸುವ ಹೊಣೆ ಮತ್ತು ಅಧಿಕಾರ ಎರಡೂ ಇರಬೇಕು.

‘ಉದಯಂ’ ಆಗಲೇ ಮದ್ಯದ ವ್ಯಾಪಾರದ ಹಿನ್ನೆಲೆಯ ಮಾಗುಂಟ ಸುಬ್ಬರಾಮಿರೆಡ್ಡಿ ಅವರ ಕೈಗೆ ಹೋಗಿತ್ತು. ಇಂಥ ಹೋರಾಟದ ನಡುವೆ ಅದು ಇಕ್ಕಟ್ಟಿನ ಜಾಗ. 1990ರ ದಶಕದ ನಡುವೆ ‘ಉದಯಂ’ ನಿಂತಿತು. ‘ಆಂಧ್ರಪತ್ರಿಕ’ 1991ರಲ್ಲೇ ನಿಂತಿತ್ತು.

ಉಳಿದವರು ಜಿಲ್ಲಾ ಪುಟವನ್ನು ಬಿಟ್ಟು ಬಾಳುವಂತಿರಲಿಲ್ಲ. 1996ರಲ್ಲಿ ಬಂದ ‘ವಾರ್ತ’, 2000ದಲ್ಲಿ ನಿಂತು 2002ರಲ್ಲಿ ವೇಮೂರಿ ರಾಧಾಕೃಷ್ಣ ಅವರ ಕೈಯಲ್ಲಿ ಮರಳಿದ ‘ಆಂಧ್ರಜ್ಯೋತಿ’, ಎಲ್ಲವೂ ಅದೇ ಅಚ್ಚಿನಲ್ಲಿ ಬಂದವು. 2008ರ ಮಾರ್ಚ್ 24ರಂದು ‘ಸಾಕ್ಷಿ’ ಒಂದೇ ದಿನ 23 ಆವೃತ್ತಿಗಳೊಂದಿಗೆ, ಎಲ್ಲ ಪುಟ ಬಣ್ಣದಲ್ಲಿ ಇಳಿಯಿತು. ‘ಈನಾಡು’ ವಿಶಾಖಪಟ್ಟಣದಿಂದ ತಿರುಪತಿ ಮುಟ್ಟಲು ಎಂಟು ವರ್ಷ ತೆಗೆದುಕೊಂಡಿತ್ತು.

ನಂತರ ಬೇಲಿಗಳೇ ಬದಲಾದವು. ತೆಲಂಗಾಣದ ಹತ್ತು ಜಿಲ್ಲೆ 2016ರಲ್ಲಿ 31 ಆಗಿ, ಆಮೇಲೆ 33 ಆದವು. ಆಂಧ್ರದ 13 ಜಿಲ್ಲೆ 2022ರಲ್ಲಿ 26 ಆದವು. 1989ರ 23ರ ಜಾಗದಲ್ಲಿ 2022ರ ಹೊತ್ತಿಗೆ 59. ಪ್ರತಿ ಜಿಲ್ಲೆಗೆ 4 ಪ್ಲೇಟ್, ಪ್ರತಿ ಬದಲಾವಣೆಗೆ ನೂರಾರು ಹಾಳೆ ರದ್ದಿ ಎಂಬ ಹಳೆಯ ಲೆಕ್ಕ ಈ ಸಂಖ್ಯೆಗೆ ಒಗ್ಗುವುದಿಲ್ಲ. ಹಾಗೆಂದು ಎರಡು ಮೂರು ಹೊಸ ಜಿಲ್ಲೆಗಳನ್ನು ಒಂದೇ ಪುಟಗಳಲ್ಲಿ ಕೂಡಿಸಿದರೆ, ತಮ್ಮ ಜಿಲ್ಲೆಗಾಗಿ ಹೋರಾಡಿ ಗೆದ್ದ ಊರಿನ ಓದುಗರು ಮೊದಲ ಪುಟದ ಮೇಲೆ ಹುಡುಕುವುದು ತಮ್ಮ ಜಿಲ್ಲೆಯ ಹೆಸರನ್ನೇ.